ಮಾಳಮ್ಮನ ಹಲ್ಲಿಗೆ ತಣ್ಣೀರೇ ಸಾಕು

ವಾಡಿಯ ಸಿಮೆಂಟ್ ಕಾರ್ಖಾನೆಯ ಕ್ವಾರ್ಟರ್ಸ್ ಸಾಲಿನಲ್ಲಿ ಸುಂದರಬಾಯಿಯ ಜೋಳದ ರೊಟ್ಟಿಗೆ ಒಳ್ಳೆಯ ಹೆಸರಿತ್ತು. ಬೆಳಗಿನ ಪಾಳಿಯ ಭೋಂಗಾ ಕೂಗುವ ಮೊದಲೇ ಆಕೆ ರೊಟ್ಟಿ ಬಡಿಯುವ ಸದ್ದು ನಾಲ್ಕು ಮನೆಗೆ ಕೇಳುತ್ತಿತ್ತು. ಆ ಸದ್ದು ಕೇಳಿಯೇ ಕೆಲವರು ಏಳುತ್ತಿದ್ದರು.

ಒಂದು ಮಧ್ಯಾಹ್ನ ಸುಂದರಬಾಯಿ ಹಿತ್ತಲಿಗೆ ಹೋದಾಗ ಮನೆಯ ಆಡು ಏನನ್ನೋ ಕಟಕಟನೆ ಕಡಿಯುತ್ತಿತ್ತು. ಬಗ್ಗಿ ನೋಡಿದಳು. ಸ್ವಲ್ಪ ಹೊತ್ತಿನ ಮುಂಚೆ ಅತ್ತೆ ಮಾಳಮ್ಮನ ತಾಟಿಗೆ ತಾನೇ ಹಾಕಿಕೊಟ್ಟ ಎರಡು ರೊಟ್ಟಿ! ಮರುದಿನವೂ ಹಾಗೆಯೇ ಆಯಿತು. ಅದರ ಮರುದಿನವೂ.

ನಳದ ಹತ್ತಿರ ಕೊಡ ಇಟ್ಟುಕೊಂಡು ನಿಂತಾಗ ಸುಂದರಬಾಯಿಗೆ ತಡೆಯಲಾಗಲಿಲ್ಲ. ಪಕ್ಕದಲ್ಲಿ ರಶೀದಾಬೇಗಂ ಇದ್ದರು. ಅವರು ಕಾರ್ಖಾನೆಯ ದವಾಖಾನೆಯಲ್ಲಿ ನರ್ಸ್. ಇವರ ಮನೆಯಿಂದ ಎರಡು ಮನೆ ಆಚೆ ಅವರ ಮನೆ.

"ನೋಡ್ರಿ ನರ್ಸಬಾಯಿ, ನನ್ನ ಕೈ ರೊಟ್ಟಿ ಆಡಿನ ಪಾಲಾಗ್ಯಾವ. ಹದಿನಾರು ವರ್ಷ ಆತು ಈ ಮನಿಗಿ ಬಂದು. ಬ್ಯಾಡಾದ್ರ ನಮ್ಮತ್ತಿ ಬ್ಯಾಡ ಅನ್ಲಿ. ಹಿಂಗ ಹಿಂದಿನ ಬಾಗಿಲಿಲೆ ಆಡಿಗಿ ಹಾಕಿದ್ರ ನನಗ ಹ್ಯಾಂಗ ಅನ್ನಸಬ್ಯಾಡ?"

ರಶೀದಾಬೇಗಂ ಕೊಡ ತುಂಬುವುದನ್ನೇ ನೋಡುತ್ತ ಕೇಳಿದರು. "ನಿಮ್ಮತ್ತಿ ಉಣ್ಣೂದು ನೀ ಯಾವಾಗರ ನೋಡಿಯೇನು?"

ಸುಂದರಬಾಯಿ ನೆನಪು ಮಾಡಿಕೊಂಡಳು. ಇಲ್ಲ, ನೋಡಿರಲಿಲ್ಲ. ಮಾಳಮ್ಮ ಗುಂಡಗುರ್ತಿ ಕಡೆಯ ಹಳೆಯ ಕಟ್ಟುನಿಟ್ಟಿನ ಮನೆಯಲ್ಲಿ ಬಾಳಿದವಳು. ಮೊದಲು ಮಗ ಉಣ್ಣಬೇಕು, ಆಮೇಲೆ ಮೊಮ್ಮಕ್ಕಳು, ಆಮೇಲೆ ಸೊಸೆ. "ನಂದು ಆಮ್ಯಾಲ" ಎನ್ನುತ್ತ ಕಡೆಗೆ ಒಬ್ಬಳೇ ಗೋಡೆಗೆ ಮುಖ ಮಾಡಿ ಕೂತು ಉಣ್ಣುವುದು ಆಕೆಯ ರೂಢಿ. ಆ ತಾಟಿನಲ್ಲಿ ಏನು ಹೋಯಿತು, ಏನು ಉಳಿಯಿತು ಎಂದು ಮನೆಯಲ್ಲಿ ಯಾರೂ ನೋಡಿದವರಲ್ಲ.

"ಮೊನ್ನಿ ಇಲ್ಲೇ ನಳದ ಹತ್ರ ಕಣ್ಣಿಗಿ ಕತ್ತಲಿ ಬಂದು ಕುಂತುಬಿಟ್ಟಳು. ಬಿಸಲು ಭಾಳ ಅದ ಅಂದಳು," ಎಂದಳು ಸುಂದರಬಾಯಿ ಮೆಲ್ಲಗೆ.

"ಬಿಸಲಲ್ಲ ಅದು. ಹೊಟ್ಟಿ ಖಾಲಿ ಅದ. ನಡಿ, ನಾ ಬರ್ತೀನಿ."

ಮಾಳಮ್ಮ ಅಂಗಳದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದಳು. ಕುಪ್ಪಸದ ತೋಳು ಜೋತುಬಿದ್ದಿತ್ತು. ಹತ್ತಿರ ಬಂದು ನೋಡಿದಾಗಲೇ ಸುಂದರಬಾಯಿಗೆ ಕಂಡಿತು, ಅತ್ತೆ ಎಷ್ಟು ಇಳಿದುಹೋಗಿದ್ದಾಳೆ ಎಂದು. ಒಂದೇ ಮನೆಯಲ್ಲಿದ್ದರೂ ಕಂಡಿರಲಿಲ್ಲ.

"ಅಕ್ಕಾ, ಜರಾ ಬಾಯಿ ತೆರಿ, ನೋಡೂನು," ಎಂದರು ರಶೀದಾಬೇಗಂ.

"ನನ್ನ ಬಾಯಾಗ ಏನದ ನೋಡೂದು? ಬೈಗುಳ ಬಿಟ್ರ ಏನೂ ಉಳಿದಿಲ್ಲ."

"ಆ ಬೈಗುಳನೇ ತೋರ್ಸು."

ಮಾಳಮ್ಮ ನಕ್ಕಳು. ನಗುವಾಗ ಸೆರಗು ಬಾಯಿಗೆ ಅಡ್ಡ ಹೋಯಿತು. ರಶೀದಾಬೇಗಂ ಆ ಸೆರಗನ್ನು ಮೆತ್ತಗೆ ಸರಿಸಿದರು. ಮೇಲೆ ಐದೇ ಹಲ್ಲು, ಮುಟ್ಟಿದರೆ ಐದೂ ಅಲುಗುತ್ತಿದ್ದವು. ಕೆಳಗೆ ಒಂಬತ್ತು ಹಲ್ಲು ಗಟ್ಟಿ ಇದ್ದವು, ಅದರಲ್ಲಿ ಎರಡಕ್ಕೆ ಹುಳುಕು ಹತ್ತಿತ್ತು. ವಸಡು ಬಾತು ಕೆಂಪಾಗಿತ್ತು. ಹಲ್ಲಿನ ಸಂದಿಯಲ್ಲಿ ಕಪ್ಪು ಪುಡಿ ಕೂತಿತ್ತು. ಅದು ಮಿಶ್ರಿ, ಹೆಂಚಿನ ಮೇಲೆ ಸುಟ್ಟು ಪುಡಿ ಮಾಡಿದ ತಂಬಾಕು.

"ಇದನ್ನ ಎಷ್ಟು ಸಲ ಹಚ್ಚತಿ?"

"ನೋವು ಎದ್ದಾಗೊಮ್ಮಿ ಹಚ್ಚತೀನಿ. ಹಚ್ಚಿದ ಗಳಿಗಿಗೇ ತಣ್ಣಗಾಗ್ತದ. ಅದೇ ನನ್ನ ಔಷಧ."

"ಅದ್ರಲೆ ನೋವು ಮಲಗತದ ಅಕ್ಕಾ, ರೋಗ ಎಚ್ಚರನೇ ಇರ್ತದ. ಒಳಗೊಳಗ ವಸಡು ತಿಂತದ. ಮುಂದ ಬಾಯಾಗ ಕ್ಯಾನ್ಸರಿನಂಥ ಕೆಟ್ಟ ಹುಣ್ಣಾದ್ರೂ ಆಗಬಹುದು."

"ಹೋಗ್ಲಿ ಬಿಡವಾ. ವಯಸ್ಸಾದ ಮ್ಯಾಲ ಹಲ್ಲು ಬೀಳೂದೇ. ನಮ್ಮವ್ವಗೂ ಹಿಂಗೇ ಬಿದ್ದಿದ್ದವು."

"ನಿಮ್ಮವ್ವನ ಕಾಲಕ್ಕ ತೋರಿಸ್ಲಿಕ್ಕಿ ಯಾರೂ ಇದ್ದಿಲ್ಲ. ಹಲ್ಲು ಬೀಳೂದು ವಯಸ್ಸಿಗಲ್ಲ, ವಸಡಿನ ರೋಗಕ್ಕ, ಹುಳುಕಿಗಿ. ಗುಲ್ಬರ್ಗಾದಾಗ ಹಲ್ಲಿನ ಡಾಕ್ಟರ್ ಇದ್ದಾರ. ಉಳಿಯೂದು ಉಳಸ್ತಾರ, ಉಳಿಯಲಾರದ್ದು ತಗೀತಾರ, ತಗದ ಜಾಗದಾಗ ಕಟ್ಟಿದ ಹಲ್ಲು ಕೂಡಸ್ತಾರ."

ಮಾಳಮ್ಮ ಬೇಳೆಯ ಮೊರವನ್ನು ದೂರ ಸರಿಸಿದಳು. "ಅದೊಂದು ಬ್ಯಾಡ. ಮ್ಯಾಲಿನ ಹಲ್ಲು ಕಿತ್ತಿದ್ರ ಕಣ್ಣು ಹೋಗ್ತಾವ. ಇರೂದು ಎರಡು ಕಣ್ಣು."

"ಇಪ್ಪತ್ತೆರಡು ವರ್ಷ ದವಾಖಾನ್ಯಾಗ ಕೆಲಸ ಮಾಡೀನಿ. ಹಲ್ಲು ತಗಸಿದ್ದಕ್ಕ ಕಣ್ಣು ಹೋದವ್ರನ್ನ ಒಬ್ರನ್ನೂ ನೋಡಿಲ್ಲ. ಹಲ್ಲಿನ ನರ ಬ್ಯಾರಿ, ಕಣ್ಣಿನ ನರ ಬ್ಯಾರಿ. ಹಲ್ಲು ಕೆಡೂ ವಯಸ್ಸಿನ್ಯಾಗೇ ಕಣ್ಣೂ ಮಂಜಾಗ್ತಾವ. ಎರಡೂ ಕೂಡೇ ಬರ್ತಾವಂತ ಜನ ಗಂಟು ಹಾಕ್ಯಾರ."

ಬಾಗಿಲಲ್ಲಿ ನಿಂತಿದ್ದ ಸುಂದರಬಾಯಿ ಅತ್ತೆಯ ಎದುರು ಬಂದು ಕೂತಳು. ಕೇಳಿದಳು. "ಅತ್ತಿ, ರೊಟ್ಟಿ ತಿನ್ನಾಕ ಆಗಂಗಿಲ್ಲಂತ ನನಗ್ಯಾಕ ಹೇಳಲಿಲ್ಲ?"

ಮಾಳಮ್ಮ ಸೊಸೆಯ ಮುಖ ನೋಡಲಿಲ್ಲ. "ನೀ ನಸೀಕಿನ್ಯಾಗ ಎದ್ದು ಇಷ್ಟು ಮಂದಿಗಿ ಬಡೀತಿ. ಮತ್ತ ಈ ಮುದುಕಿಗೊಂದು ಬ್ಯಾರಿ ಮೆತ್ತಗಿಂದು ಮಾಡಂತ ಹ್ಯಾಂಗ ಹೇಳಲಿ? ತಾಟಿನ್ಯಾಗ ಬಿಟ್ರ ನಿನಗ ಕೆಟ್ಟ ಅನಸ್ತದಂತ ಆಡಿಗಿ ಹಾಕಿದೆ."

ಸುಂದರಬಾಯಿಯ ಸಿಟ್ಟು ಎಲ್ಲಿ ಹೋಯಿತೋ. ಅಂದು ಸಂಜೆ ಆಕೆ ಜೋಳದ ನುಚ್ಚು ಕುದಿಸಿ ಮಜ್ಜಿಗೆ ಕಲಸಿದಳು, ಬೇಳೆಯನ್ನು ಮೆತ್ತಗೆ ಕಡೆದಳು. ತನ್ನ ತಾಟಿಗೂ ಅದನ್ನೇ ಹಾಕಿಕೊಂಡಳು.

ಮಾಳಮ್ಮನ ಮಗ ಭಗವಂತ ಕಾರ್ಖಾನೆಯಲ್ಲಿ ಚೀಲ ತುಂಬುವ ಕೆಲಸದಲ್ಲಿದ್ದ. ರಜೆ ಹಾಕಿ ತಾಯಿಯನ್ನೂ ಹೆಂಡತಿಯನ್ನೂ ಕರೆದುಕೊಂಡು ಬೆಳಗಿನ ಪ್ಯಾಸೆಂಜರ್ ಗಾಡಿ ಹತ್ತಿದ. ಮಕ್ಕಳು ರಶೀದಾಬೇಗಂ ಮನೆಯಲ್ಲಿ ಉಳಿದರು.

ಹಲ್ಲಿನ ಡಾಕ್ಟರು ಅವಸರ ಮಾಡಲಿಲ್ಲ. ಸಕ್ಕರೆ ಕಾಯಿಲೆ ಇದೆಯೇ ಎಂದು ಪರೀಕ್ಷೆ ಮಾಡಿಸಿದರು. ಕೆನ್ನೆಯ ಒಳಗೆ, ನಾಲಿಗೆಯ ಕೆಳಗೆ ಬೆಳಕು ಬಿಟ್ಟು ಬಿಳಿ ಕಲೆ, ಕೆಂಪು ಕಲೆ ಹುಡುಕಿದರು. ಇರಲಿಲ್ಲ. "ಇವತ್ತಿನಿಂದ ಮಿಶ್ರಿ ಬಂದ್ ಮಾಡ್ರಿ ಯವ್ವಾ, ಇನ್ನೂ ಕಾಲ ಮಿಂಚಿಲ್ಲ," ಎಂದರು. ಕೆಳಗಿನ ಎರಡು ಹುಳುಕು ಹಲ್ಲುಗಳನ್ನು ಸ್ವಚ್ಛ ಮಾಡಿ ಸಿಮೆಂಟು ತುಂಬಿದರೆ ಉಳಿಯುತ್ತವೆ ಎಂದೂ ಹೇಳಿದರು.

"ಸಿಮೆಂಟಾ?" ಭಗವಂತ ಹೌಹಾರಿದ. "ಯಾವ ಫ್ಯಾಕ್ಟರಿದು ಸಾಹೇಬ್ರ? ನಮ್ಮದಾದ್ರ ಒಂದ್ ಚೀಲ ತರ್ತಿದ್ನಲ್ಲ!"

ಡಾಕ್ಟರು ನಕ್ಕರು. "ಇದು ಹಲ್ಲಿಗೇ ಬ್ಯಾರಿ ಮಾಡಿದ್ದು. ನಿಮ್ಮ ಚೀಲ ಮನಿ ಕಟ್ಟಾಕಿರ್ಲಿ."

ಹಲ್ಲು ತುಂಬುವ ಕೆಲಸ ಅಂದೇ ಮುಗಿಯಿತು. ಮೇಲಿನ ಐದು ಹಲ್ಲುಗಳನ್ನು ಸೂಜಿಮದ್ದು ಕೊಟ್ಟು ಎರಡು ಸಲಕ್ಕೆ ತೆಗೆದರು. ಮಾಳಮ್ಮ ಸೊಸೆಯ ಕೈ ಹಿಡಿದು ಕಣ್ಣು ಮುಚ್ಚಿ ಕೂತಿದ್ದಳು. ಮುಗಿದ ಮೇಲೆ ಮೊದಲು ಒಂದು ಕಣ್ಣು ತೆರೆದು ನೋಡಿದಳು, ಆಮೇಲೆ ಇನ್ನೊಂದು. ಗೋಡೆಯ ಮೇಲಿನ ಗಡಿಯಾರ ಎರಡು ಕಣ್ಣಿಗೂ ಕಂಡಿತು.

ವಸಡು ಮಾಗಲು ಎರಡೂವರೆ ತಿಂಗಳು ಬೇಕಾಯಿತು. ಅಷ್ಟು ದಿನವೂ ಸುಂದರಬಾಯಿ ನುಚ್ಚು, ಬೇಳೆ, ಬೇಯಿಸಿದ ಗೆಣಸು, ಬಾಳೆಹಣ್ಣು ಎಂದು ಒಂದೊಂದು ದಿನ ಒಂದೊಂದು ಮಾಡಿದಳು. ಸಂಜೆ ತಾನೂ ಅದನ್ನೇ ಉಂಡಳು. ಭಗವಂತ ಚೇಷ್ಟೆ ಮಾಡಿದ. "ಮನಿಯಾಗ ಇಬ್ರು ಮುದುಕ್ಯಾರಾದ್ರಲ್ಲಪಾ!"

"ನೀ ಸುಮ್ಮ ರೊಟ್ಟಿ ತಿನ್ನು. ಹಲ್ಲು ಅದಾವಂತ ಭಾಳ ಆಡಬ್ಯಾಡ," ಎಂದಳು ಸುಂದರಬಾಯಿ.

ಆ ಡಾಕ್ಟರ ಬಳಿ ಕಟ್ಟಿದ ಹಲ್ಲಿನ ಸೆಟ್ಟು ಮಾಡುವವರ ಹೆಸರು ಅಬ್ದುಲ್ ಸಲಾಂ. ಬಿಳಿ ಗಡ್ಡದ, ಸಣ್ಣ ದನಿಯ ಮನುಷ್ಯ. ಮಾಳಮ್ಮನ ಬಾಯಿಯ ಅಚ್ಚು ತೆಗೆದು, ಮೇಣದಲ್ಲಿ ಅಳತೆ ನೋಡಿ, ನಾಲ್ಕನೆಯ ಭೇಟಿಯಲ್ಲಿ ಮೇಲಿನ ಸೆಟ್ಟನ್ನು ಕೈಯಲ್ಲಿಟ್ಟರು.

ಮಾಳಮ್ಮ ಅದನ್ನು ಮುಟ್ಟಲು ಹಿಂಜರಿದಳು. "ಯಾರ ಹಲ್ಲಪಾ ಇವು? ಸತ್ತವರವಲ್ಲ ಹೌದಿಲ್ಲೋ?"

"ತೋಬಾ ತೋಬಾ! ಇಲ್ರಿ ಯವ್ವಾ. ಹಲ್ಲು ಡಬ್ಬ್ಯಾಗ ಬರ್ತಾವ, ಕಾರಖಾನ್ಯಾಗ ಮಾಡಿದ್ದು. ವಸಡು ನಾನೇ ಮಾಡೀನಿ. ನಿಮ್ಮ ಬಾಯಿಗೇ ಮಾಡಿದ್ದು, ಬ್ಯಾರೇರಿಗಿ ಕೂಡಂಗಿಲ್ಲ. ಉಂಡ ಮ್ಯಾಲ ತಗದು ತಣ್ಣೀರಿಲೆ ತೊಳೀರಿ. ರಾತ್ರಿ ಮಲಗೂ ಮುಂದ ತಗದು ಒಂದ್ ಬಟ್ಟಲ ತಣ್ಣೀರಾಗ ಇಡ್ರಿ."

ಹದಿನೈದು ದಿನ ಎಲ್ಲ ಚೆನ್ನಾಗಿತ್ತು. ಮಾಳಮ್ಮನ ಮಾತು ತಿಳಿಯಾಯಿತು, ಕೆನ್ನೆ ತುಂಬಿದಂತೆ ಕಂಡಿತು. ಮೆತ್ತನೆಯ ರೊಟ್ಟಿಯ ಚೂರು ಸಾರಿನಲ್ಲಿ ಅದ್ದಿ ತಿನ್ನತೊಡಗಿದಳು. ಆಮೇಲೆ ಒಮ್ಮೆಲೇ ನಿಂತುಬಿಟ್ಟಿತು. ಸೆಟ್ಟು ಬಾಯಿಂದ ಮಾಯವಾಯಿತು. ಕೇಳಿದರೆ "ತಗದಿಟ್ಟೀನಿ" ಎನ್ನುತ್ತಿದ್ದಳು. "ನಂದು ಆಮ್ಯಾಲ" ಎನ್ನುವುದು ಮತ್ತೆ ಶುರುವಾಯಿತು. ನಾಲ್ಕು ದಿನದಲ್ಲಿ ನಡೆಯುವಾಗ ಗೋಡೆ ಹಿಡಿಯತೊಡಗಿದಳು.

ಸುಂದರಬಾಯಿ ಈ ಸಲ ನಳದ ಹತ್ತಿರ ದೂರು ಹೇಳಲಿಲ್ಲ. ಅತ್ತೆ ಗೋಡೆಗೆ ಮುಖ ಮಾಡಿ ಕೂತಾಗ ತನ್ನ ತಾಟನ್ನೂ ತಂದು ಪಕ್ಕದಲ್ಲೇ ಗೋಡೆಗೆ ಮುಖ ಮಾಡಿ ಕೂತಳು. ಏನೂ ಕೇಳಲಿಲ್ಲ.

"ನೀ ಹಿಂಗ ಕುಂತ್ರ ನನಗ ಗಂಟಲಾಗ ಇಳಿಯಂಗಿಲ್ಲ," ಎಂದಳು ಮಾಳಮ್ಮ.

"ನೀವು ಉಣ್ಣಲಿಲ್ಲಂದ್ರ ನನಗೂ ಇಳಿಯಂಗಿಲ್ಲತ್ತಿ."

ಮಾಳಮ್ಮ ಅಳತೊಡಗಿದಳು. ನಡೆದದ್ದು ಹೀಗೆ. ಆಕೆ ಎಂಜಲಿನ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ನೀರನ್ನೂ ತುಟಿಗೆ ತಾಗಿಸದೆ ತಂಬಿಗೆ ಎತ್ತಿ ಕುಡಿಯುವವಳು. ಬಾಯಿಂದ ತೆಗೆದದ್ದನ್ನು ಮತ್ತೆ ಬಾಯಿಗೆ ಇಡುವುದು, ಅದೇ ಬಾಯಿಯಲ್ಲಿ ದೇವರ ಜಗಲಿಯ ಮುಂದೆ ಕೂಡುವುದು ಆಕೆಗೆ ಒಗ್ಗಲಿಲ್ಲ. ಬಾಯಿ ಮುಟ್ಟಿದ ಪಾತ್ರೆಗೆ ಕುದಿನೀರು ಸುರಿದರೆ ಶುದ್ಧ ಎಂದು ಆಕೆಗೆ ಅತ್ತೆ ಕಲಿಸಿದ್ದಳು. ಅದಕ್ಕೆ ಸೋಮವಾರ ಪೂಜೆಗೆ ಮುಂಚೆ, ಯಾರೂ ಇಲ್ಲದಾಗ, ಹಂಡೆಯಿಂದ ಕುದಿಯುವ ನೀರು ತಂದು ಸೆಟ್ಟಿನ ಮೇಲೆ ಸುರಿದಳು.

"ಅವತ್ತಿಲಿಂದ ಅದು ಕೂಡವಲ್ದು. ಒಂದ್ ಕಡಿ ಎತ್ತತದ, ಒಂದ್ ಕಡಿ ಚುಚ್ಚತದ. ವಸಡೆಲ್ಲ ಹುಣ್ಣಾಗ್ಯಾವ. ಮಗ ರಜಾ ಹಾಕಿ ಹಾಕಿ ಮಾಡಿಸಿದ್ದು ನಾನೇ ಕೆಡಸಿದೆ ಸುಂದ್ರಾ. ಯಾರಿಗಿ ಹೇಳಲಿ?"

ಸುಂದರಬಾಯಿ ಅತ್ತೆಯ ಬೆನ್ನಿನ ಮೇಲೆ ಕೈಯಿಟ್ಟು ಕೂತಳು. ಅತ್ತು ಮುಗಿದ ಮೇಲೆ ಹೋಗಿ ರಶೀದಾಬೇಗಂ ಅವರನ್ನು ಕರೆತಂದಳು.

ರಶೀದಾಬೇಗಂ ಹುಣ್ಣು ನೋಡಿ, ಉಪ್ಪು ಹಾಕಿದ ಉಗುರು ಬೆಚ್ಚನೆಯ ನೀರಿನಲ್ಲಿ ಬಾಯಿ ಮುಕ್ಕಳಿಸಲು ಹೇಳಿದರು. ಆಮೇಲೆ ಹತ್ತಿರ ಕೂತರು.

"ಅಕ್ಕಾ, ನಿನ್ನ ನಾಲಿಗಿ ಎಲ್ಲದ?"

"ಬಾಯಾಗದ. ಮತ್ತೆಲ್ಲಿರ್ತದ?"

"ಹುಟ್ಟಿದಾಗಿಂದ ಬಾಯಾಗೇ ಅದ. ಅದೇ ನಾಲಿಗಿಲೆ ದಿನಾ ದೇವರ ಹೆಸರು ಹೇಳ್ತಿ. ಅದು ಎಂಜಲಾತೇನು?"

ಮಾಳಮ್ಮ "ನಾಲಿಗಿ ಮೈಯಾಗಿಂದು. ಅದು ಹೆಂಗ ಎಂಜಲಾಗ್ತದ?" ಎಂದಳು.

"ಇವೂ ಈಗ ನಿನ್ನ ಮೈಯಾಗಿನವೇ. ನೋಡು, ನಾ ನಮಾಜಿಗಿ ಮೊದಲು ಮೂರು ಸಲ ಬಾಯಿ ಮುಕ್ಕಳಸ್ತೀನಿ, ತಣ್ಣೀರಲೇ. ದೇವರು ಎಂದೂ ಕುದಿನೀರು ಕೇಳಿಲ್ಲ. ನಿನ್ನ ದೇವರು ಕೇಳ್ಯಾನೇನು?"

"ಅಂವ ಏನೂ ಕೇಳಿಲ್ಲ," ಎಂದಳು ಮಾಳಮ್ಮ. "ಎಲ್ಲಾ ನಮ್ಮತ್ತಿ ಕೇಳಿದ್ದು." ಹೇಳಿ ತಾನೇ ನಕ್ಕುಬಿಟ್ಟಳು.

ಭಗವಂತನಿಗೆ ವಿಷಯ ತಿಳಿದಾಗ ತಾಯಿ ಹೆದರಿದಂತೆ ಆತ ಸಿಟ್ಟಾಗಲಿಲ್ಲ. "ಹಲ್ಲಿಗಿ ಕುದಿನೀರು ಹಾಕಿದ್ದೇನೋ ಹಾಕಿದಿ, ಜರಾ ಚಹಾಪುಡಿನೂ ಹಾಕಬೇಕಿತ್ತವ್ವಾ!" ಎಂದ. ಮಾಳಮ್ಮ ಪೊರಕೆ ಎತ್ತಿಕೊಂಡಳು. ಆತ ಮತ್ತೆ ರಜೆ ಹಾಕಿದ.

ಗುಲ್ಬರ್ಗಾದಲ್ಲಿ ಮಾಳಮ್ಮ ತಲೆ ತಗ್ಗಿಸಿಯೇ ಸೆಟ್ಟಿನ ಡಬ್ಬಿ ತೆರೆದಳು. ಅಬ್ದುಲ್ ಸಲಾಂ ಸೆಟ್ಟನ್ನು ಅಚ್ಚಿನ ಮೇಲೆ ಕೂಡಿಸಿ ನೋಡಿದರು. ಒಂದು ಬದಿಯಲ್ಲಿ ಬೆರಳಿನ ಉಗುರು ಹೋಗುವಷ್ಟು ಸಂದಿ ಬಿದ್ದಿತ್ತು.

"ಬಿಸಿನೀರು?" ಎಂದರು ಮೆಲ್ಲಗೆ.

"ಹೌದಪಾ. ತಪ್ಪಾತು."

"ತಪ್ಪೆಲ್ಲಿ ಬಂತ್ರಿ? ತಣ್ಣೀರು ಅಂತ ನಾ ಹೇಳಿದೆ, ಯಾಕಂತ ಹೇಳಲಿಲ್ಲ. ಇದು ಬಿಸಿಗಿ ಸೊಟ್ಟ ಆಗ್ತದ. ನೀವೊಬ್ರೇ ಅಲ್ಲ. ಶಹಾಬಾದಿನ ಒಬ್ರು ಉಪ್ಪಿನಕಾಯಿ ಜೋಡಿ ಮಾಳಿಗಿ ಮ್ಯಾಲ ಬಿಸಲಿಗಿ ಒಣಗಿಸಿದ್ರು. ಚಿಂಚೋಳಿ ಕಡಿ ಮಾಸ್ತರೊಬ್ರು ಇಟ್ಟಂಗಿ ಪುಡಿ ಹಚ್ಚಿ ತಿಕ್ಕಿದ್ರು. ಚುಚ್ಚತದಂತ ಚಾಕುಲೆ ಕೆರಕೊಂಡವ್ರೂ ಇದ್ದಾರ. ನೀವು ಕೆರೀಲಿಲ್ಲ, ಅದೇ ಛಲೋ ಆತು."

ಹುಣ್ಣು ಮಾಗಿದ ಮೇಲೆ ಹೊಸ ಅಳತೆ ತೆಗೆದು ಮತ್ತೊಂದು ಸೆಟ್ಟು ಮಾಡಿದರು. ಈ ಸಲ ಮೆತ್ತನೆಯ ಬ್ರಷ್ಷಿನಿಂದ ಸಾಬೂನು ಹಚ್ಚಿ ತೊಳೆಯುವುದನ್ನು ಮಾಳಮ್ಮನ ಕೈಯಿಂದಲೇ ಮಾಡಿಸಿದರು. ತೊಳೆಯುವಾಗ ಕೆಳಗೆ ನೀರು ತುಂಬಿದ ಬೋಗುಣಿ ಇಟ್ಟುಕೊಂಡರೆ ಜಾರಿದರೂ ಒಡೆಯುವುದಿಲ್ಲ ಎಂದರು. ಸೆಟ್ಟು ತೆಗೆದ ಮೇಲೆ ವಸಡನ್ನೂ ಒದ್ದೆ ಬಟ್ಟೆಯಿಂದ ಒರೆಸಬೇಕು, ಕೆಳಗಿನ ಸ್ವಂತ ಹಲ್ಲುಗಳನ್ನು ಎರಡು ಹೊತ್ತು ಉಜ್ಜಬೇಕು ಎಂದೂ ಹೇಳಿದರು.

ಎಂಟು ದಿನಕ್ಕೆ ಹೊಸ ಸೆಟ್ಟು ಒಂದು ಕಡೆ ಸ್ವಲ್ಪ ಒತ್ತಿತು. ಮಾಳಮ್ಮ ಅದನ್ನು ಮುಚ್ಚಿಡಲಿಲ್ಲ, ಸೊಸೆಗೆ ಅಂದೇ ಹೇಳಿದಳು. ಹೋಗಿ ತೋರಿಸಿದರು. ಅಬ್ದುಲ್ ಸಲಾಂ ಆ ಜಾಗವನ್ನು ಕೊಂಚ ಸವೆಸಿ ಕೊಟ್ಟರು. ಅಷ್ಟೇ.

ರೂಢಿಯಾಗಲು ಇನ್ನೊಂದು ತಿಂಗಳು ಹಿಡಿಯಿತು. ಮೊದಲು ಬೇಳೆ ಅನ್ನ, ಆಮೇಲೆ ರೊಟ್ಟಿಯ ಸಣ್ಣ ಚೂರು, ಎರಡೂ ಬದಿಯಲ್ಲಿ ಹಾಕಿಕೊಂಡು ನಿಧಾನ ಅಗಿಯುವುದು. ಸುಂದರಬಾಯಿ ದಿನವೂ ಎದುರಿಗೆ ಕೂತಳು. ಎಷ್ಟು ತಿಂದಿರಿ ಎಂದು ಒಂದು ದಿನವೂ ಕೇಳಲಿಲ್ಲ. ತಾನೂ ಮೆಲ್ಲಗೆ ಉಂಡಳು, ತನ್ನಿಂದ ತಡವಾಯಿತೆಂದು ಅತ್ತೆ ಅಂದುಕೊಳ್ಳಬಾರದು ಎಂದು.

ಒಂದು ಭಾನುವಾರ ಎಲ್ಲರೂ ಕೂಡಿ ಉಣ್ಣಲು ಕೂತಿದ್ದರು. ಪುಂಡಿಪಲ್ಯ, ಬಿಸಿ ರೊಟ್ಟಿ. ಮಾಳಮ್ಮ ಒಂದು ಇಡೀ ರೊಟ್ಟಿ ಮುಗಿಸಿದಳು. ಎರಡನೆಯದನ್ನು ಮುರಿದು, ಅಗಿದು, ಹುಬ್ಬು ಗಂಟಿಕ್ಕಿದಳು.

"ಸುಂದ್ರಾ, ಇವತ್ತ ರೊಟ್ಟಿ ಜರಾ ದಪ್ಪ ಆಗ್ಯಾವ ನೋಡು. ಅಂಚು ಬೆಂದಿಲ್ಲ."

ಮಕ್ಕಳು ಅಮ್ಮನ ಮುಖ ನೋಡಿದರು. ಅಷ್ಟು ವರ್ಷದಲ್ಲಿ ಆಕೆಯ ರೊಟ್ಟಿಗೆ ಯಾರೂ ಕೊರತೆ ಹೇಳಿರಲಿಲ್ಲ. ಸುಂದರಬಾಯಿ ಒಲೆಯ ಕಡೆ ತಿರುಗಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

"ಹೌದತ್ತಿ, ದಪ್ಪ ಆಗ್ಯಾವ," ಎಂದಳು. "ತಡೀರಿ, ನಿಮಗ ತೆಳ್ಳಂದು ಬಡದು ಕೊಡ್ತೀನಿ."

ಇದನ್ನು ಓದುತ್ತಿರುವ, ಕೇಳುತ್ತಿರುವ ತಾಯಂದಿರೆ, ಅಣ್ಣತಮ್ಮಂದಿರೆ, ಇವತ್ತು ನಿಮ್ಮ ಮನೆಯ ಹಿರಿಯರ ಪಕ್ಕದಲ್ಲಿ ಕೂತು ಉಣ್ಣಿರಿ. ಅವರು ರೊಟ್ಟಿಯನ್ನು ನೆನೆಸಿ ನುಂಗುತ್ತಿದ್ದಾರೆಯೇ, ಒಂದೇ ಕಡೆ ಅಗಿಯುತ್ತಿದ್ದಾರೆಯೇ, ಹಸಿವಿಲ್ಲ ಎನ್ನುತ್ತಿದ್ದಾರೆಯೇ ನೋಡಿರಿ. ವಸಡಿನಲ್ಲಿ ರಕ್ತ ಬಂದರೆ, ಹಲ್ಲು ಅಲುಗಿದರೆ ವಯಸ್ಸು ಎಂದು ಬಿಡಬೇಡಿರಿ, ಹಲ್ಲಿನ ಡಾಕ್ಟರಿಗೆ ತೋರಿಸಿರಿ. ಬೇಗ ತೋರಿಸಿದರೆ ಎಷ್ಟೋ ಹಲ್ಲು ಉಳಿಯುತ್ತವೆ. ಹೋದ ಹಲ್ಲಿನ ಜಾಗಕ್ಕೆ ಕಟ್ಟಿದ ಹಲ್ಲು ಬರುತ್ತದೆ, ಅದರಲ್ಲಿ ಉಣ್ಣಲು ಕಲಿಯಬಹುದು. ಆ ಹಲ್ಲಿಗೆ ಕುದಿನೀರು ಬೇಡ, ಬಿಸಿಲು ಬೇಡ, ಇಟ್ಟಿಗೆ ಪುಡಿ ಬೇಡ, ಚಾಕು ಬೇಡ. ಚುಚ್ಚಿದರೆ ಮಾಡಿದವರ ಬಳಿಗೇ ಒಯ್ಯಿರಿ. ಮಿಶ್ರಿಯನ್ನು ಇಂದೇ ಬಿಡಿಸಿರಿ. ಬಾಯಿಯಲ್ಲಿ ಎರಡು ವಾರ ದಾಟಿದರೂ ಮಾಗದ ಹುಣ್ಣು, ಬಿಳಿ ಅಥವಾ ಕೆಂಪು ಕಲೆ ಇದ್ದರೆ ನೋವಿಲ್ಲದಿದ್ದರೂ ತಡಮಾಡಬೇಡಿರಿ. ಹಿರಿಯರು ತಾವಾಗಿ ಹೇಳುವುದಿಲ್ಲ, ನಿಮಗೆ ತೊಂದರೆಯಾಗದಿರಲಿ ಎಂದು ಹಸಿದಿರುತ್ತಾರೆ. ಆದ್ದರಿಂದ ನೀವೇ ಕೇಳಿರಿ. ಮೆಲ್ಲಗೆ ಕೇಳಿರಿ.